ಮೊಬೈಲಿಗೆ ಹೋದ ನಾಗಮ್ಮನ ಹಾಡು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಕುಮಟಾದ ಒಂದು ಆಸ್ಪತ್ರೆಯಲ್ಲಿ ಫಿಜಿಶಿಯನ್ ಆಗಿದ್ದೆ. ಹೊಳನಗದ್ದೆಯ ಎಪ್ಪತ್ತೆರಡರ ನಾಗಮ್ಮನನ್ನು ಅವರ ಮಗ ಗಣಪತಿ ಮಾಸ್ತರು ಕರೆತಂದರು. ಆರು ತಿಂಗಳಿಂದ ಮಾತು ಕಡಿಮೆ, ಮರೆವು ಜಾಸ್ತಿ. "ಡಿಮೆನ್ಷಿಯಾನೇ ಇರ್ಬೇಕು ಮೇಡಂ, ಮಾತ್ರೆ ಬರ್ಕೊಡಿ." ರೋಗದ ಹೆಸರನ್ನೂ ಅವರೇ ಹೊತ್ತು ತಂದಿದ್ದರು!

ಸ್ಕ್ಯಾನ್, ಥೈರಾಯ್ಡ್, ಬಿ-12 ಎಲ್ಲ ಸರಿಯಿತ್ತು. ನೆನಪು ಅಳೆಯುವ ಸಣ್ಣ ಪ್ರಶ್ನೆಗಳ ಮೆಮೊರಿ ಟೆಸ್ಟ್ ಶುರುಮಾಡಿದೆ. "ಇವತ್ತು ಎಂತ ವಾರ ನಾಗಮ್ಮ?"

ಅವರು ಮಗನ ಜೇಬಿನಲ್ಲಿದ್ದ ಮೊಬೈಲಿನತ್ತ ಕೈ ತೋರಿಸಿದರು. "ನನ್ನತ್ರ ಎಂತಕ್ಕೆ ಕೇಳ್ತ್ರಿ? ಅದ್ನೇ ಕೇಳಿ. ನಂದೆಲ್ಲಾ ಅದ್ರೊಳಗೆ ಹಾಕಿ ಆತು."

ಮಾಸ್ತರು ಹೆಮ್ಮೆಯಿಂದಲೇ ವಿವರಿಸಿದರು. ಊರಿನ ಮದುವೆಗಳಲ್ಲಿ ಹಾಡು ಎತ್ತುತ್ತಿದ್ದವರು ನಾಗಮ್ಮ. ಅವರು ಹೇಳಿದ ಸಾಲನ್ನು ಎದುರು ಕೂತ ಹೆಂಗಸು ತಿರುಗಿ ಹೇಳಬೇಕು, ಆಮೇಲೆ ಮುಂದಿನ ಸಾಲು. ಮಗ ಅಷ್ಟೂ ಹಾಡು ರೆಕಾರ್ಡ್ ಮಾಡಿಕೊಂಡು, ಆರೇಳು ತಿಂಗಳಿಂದ ಮದುವೆಗಳಲ್ಲಿ ಅದನ್ನೇ ಸ್ಪೀಕರಿಗೆ ಹಚ್ಚುತ್ತಾರೆ. ಅಮ್ಮನಿಗೆ ಕುರ್ಚಿ. "ಈ ವಯಸ್ಸಲ್ಲಿ ಅವ್ವಿಗೆ ಎಂತಕ್ಕೆ ತ್ರಾಸು ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲ ಮಾಸ್ತರೇ, ಬದುಕಿರೋರಿಗೆ ಫೋಟೋ ಕಟ್ಟಿಸಿ ಗೋಡೆಗೆ ಹಾಕಿದ್ರಲ್ಲ!" ಸಿಟ್ಟು ನನ್ನ ಮೇಲೂ ಇತ್ತು. ದಿನವಿಡೀ ಎಂತ ಮಾಡ್ತೀರಿ ಎಂದು ಕೇಳುವ ಮೊದಲೇ ಸ್ಕ್ಯಾನಿಗೆ ಕಳಿಸಿದವಳು ನಾನು.

ಮಾತ್ರೆ ಬರೆಯಲಿಲ್ಲ. ಮರುತಿಂಗಳು ಮಾಸ್ತರ ಮಗಳ ಮದುವೆಯಿತ್ತು. "ಸ್ಪೀಕರ್ ಹಚ್ಚಿದ್ರೆ ನಾನೇ ಬಂದು ವೈರ್ ಕೀಳ್ತೇನೆ" ಎಂದೆ. ಎಂದ ಮೇಲೆ ಹೋಗದಿರಲಾಗುತ್ತದೆಯೇ? ಹೋದೆ.

ನಾಗಮ್ಮ ಹಾಡು ಎತ್ತಿದರು. ಮೂರನೇ ಸಾಲಿಗೆ ನಿಂತುಬಿಟ್ಟರು. ಮಾಸ್ತರ ಕೈ ಜೇಬಿಗೆ ಹೋಯಿತು. "ಕೈ ತೆಗೀರಿ!" ಎಂದು ಗದರಿದೆ. ಎದುರು ಕೂತಿದ್ದ ನೆರೆಮನೆಯ ಹೆಂಗಸು ಗಡಿಬಿಡಿ ಮಾಡಲಿಲ್ಲ. ಹಿಂದಿನ ಸಾಲನ್ನೇ ಮತ್ತೊಮ್ಮೆ ಹೇಳಿದರು, ಇನ್ನೊಮ್ಮೆ ಹೇಳಿದರು. ಮೂರನೇ ಸಲಕ್ಕೆ ನಾಗಮ್ಮನ ಬಾಯಿಗೆ ಮುಂದಿನ ಸಾಲು ಬಂತು. ಆಮೇಲೆ ಒಂದು ತಾಸು ಹಾಡಿದರು.

"ಇದ್ನೂ ರೆಕಾರ್ಡ್ ಮಾಡ್ಬೇಕಿತ್ತು ಅವ್ವಿ" ಎಂದರು ಮಗ.

"ಬೇಕಾದ್ರೆ ನನ್ನೆದುರು ಕೂತ್ಕಂಡು ಕಲಿ" ಎಂದರು ನಾಗಮ್ಮ.

ಅವರ ಮರೆವು ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಮಾತು ಮರಳಿತು. ಅಲ್ಲಿಂದೀಚೆ, ನಿವೃತ್ತಿಯಾದ ಮೇಲೂ, ವಯಸ್ಸಾದವರನ್ನು ಯಾರು ಕರೆತಂದರೂ ಸ್ಕ್ಯಾನಿಗಿಂತ ಮೊದಲು ಮಕ್ಕಳನ್ನು ಕೇಳುತ್ತೇನೆ: "ಮನೆಯಲ್ಲಿ ಇವರಿಗೆ ಅಂತ ಯಾವ ಕೆಲಸ ಉಳಿಸಿದ್ದೀರಿ?" "ಎಂತದೂ ಇಲ್ಲ ಮೇಡಂ, ಆರಾಮ ಕೂತಿರ್ತಾರೆ" ಎನ್ನುವವರೇ ಹೆಚ್ಚು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.