ಮೊದಲ ಜ್ವರಕ್ಕೆ ನಿಂತ ತರಬೇತಿ

ಒಳ್ಳೇದು ಮಾಡೋಕೆ ಹೋಗಿ ನಾನು ಕೆಡಿಸಿದ ಕೆಲಸಗಳು ಒಂದೆರಡಲ್ಲ. ಅದರಲ್ಲಿ ಇದೊಂದು ಮಾತ್ರ ಈಗಲೂ ಊಟದ ಹೊತ್ತಿಗೆ ನೆನಪಾಗುತ್ತೆ.

ಕನಕಪುರದ ಹತ್ತಿರ ಒಂದು ಸಣ್ಣ ಕೇಂದ್ರದಲ್ಲಿ ಕೂಲಿ ಹೆಂಗಸರಿಗೆ ರೇಷ್ಮೆಯ ಮರಿ ಹುಳ ಸಾಕೋದನ್ನ ಕಲಿಸುತ್ತಿದ್ದೆ. ಖರ್ಚೆಲ್ಲ ಸರ್ಕಾರದ್ದು. ಸಾತನೂರು ಕಡೆಯಿಂದ ಒಬ್ಬಾಕೆ ಬರುತ್ತಿದ್ದಳು. ಹದಿನೈದು ವರ್ಷ ಬೇರೆಯವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊತ್ತವಳು. ಹುಳದ ಮನೆಯೊಳಗೆ ಒಂದು ಸಲವೂ ಕಾಲಿಟ್ಟವಳಲ್ಲ. ಸೋಂಕು ತಗುಲುತ್ತೆ ಅಂತ ಕೂಲಿಯವರು ಹೊರೆಯನ್ನ ಬಾಗಿಲಲ್ಲೇ ಇಳಿಸಬೇಕು. ಅವಳ ಸೊಂಟ ಹೋಗಿತ್ತು. ಮರಿ ಹುಳ ಸಾಕುವ ಒಬ್ಬರು, ಕಲಿತು ಬಂದರೆ ಒಳಗಿನ ಕೆಲಸ ಕೊಡ್ತೀನಿ ಅಂದಿದ್ದರು. ಆ ಆಸೆಗೇ ಬರುತ್ತಿದ್ದಳು.

ಹುಳ ಮೊದಲ ಜ್ವರಕ್ಕೆ ಕೂತ ದಿನವೇ ಅನುದಾನ ನಿಂತಿದೆ ಅನ್ನೋ ಕಾಗದ ಬಂತು. ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡೋ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನಿದ್ದು, ಪೊರೆ ಕಳಚಿದ ಮೇಲೆ ಏಳುತ್ತೆ. ನನಗೆ ಸಿಟ್ಟು ನೆತ್ತಿಗೇರಿತು. ಕಲಿತದ್ದಕ್ಕೆ ಒಂದು ಕಾಗದವಾದರೂ ಇವರ ಕೈಯಲ್ಲಿರಲಿ ಅಂತ, ಕಚೇರಿಗೆ ಹೋಗೋ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೂ 'ತರಬೇತಿ ಪೂರ್ಣ' ಅಂತ ಬರೆದು, ಅವರವರ ಕಾಗದಕ್ಕೆ ಸಹಿ ಹಾಕಿ ಕೊಟ್ಟು ಮನೆಗೆ ಕಳಿಸಿಬಿಟ್ಟೆ.

ಮಾರನೇ ದಿನ ಅವಳ ಫೋನು. "ನಮ್ಮ ಹುಳ ಎದ್ವಾ ಮೇಡಮ್ಮೋರೆ?" ಆ ಹುಳಗಳನ್ನ ಆಗಲೇ ಯಾರಿಗೋ ಕೊಟ್ಟು ಕೈ ತೊಳಕೊಂಡಿದ್ದೆ. ಎದ್ವು ಕಣಮ್ಮ ಅಂದೆ.

ಕೆಲಸ ಕೊಡ್ತೀನಿ ಅಂದಿದ್ದವರು ಅವಳ ಕಾಗದ ನೋಡಿ, "ಜ್ವರ ದಾಟಿಸಿದ್ದೀಯಾ?" ಅಂತ ಕೇಳಿದರಂತೆ. ಇಲ್ಲ ಅಂದಳಂತೆ, ಸುಳ್ಳು ಬಾರದವಳು. ಪೂರ್ತಿ ಕಲಿತು ಬಾ ಅಂದು ಕಳಿಸಿದರು.

ತರಬೇತಿ ಮತ್ತೆ ಶುರು ಮಾಡಿ ಅಂತ ಎರಡು ವರ್ಷ ಅರ್ಜಿ ಹಿಡಿದು ರಾಮನಗರದ ಕಚೇರಿಗೆ ಅಲೆದೆವು. ಅವಳೂ ಕೂಲಿ ಬಿಟ್ಟು ಬರುತ್ತಿದ್ದಳು. ಅಂತೂ ಈ ವರ್ಷ ಅನುದಾನ ಮತ್ತೆ ಬಂತು. ಹೊಸ ಸೀರೆ ಉಟ್ಟು ಮೊದಲ ಬಸ್ಸಿಗೇ ಬಂದು ಕೂತಿದ್ದಳು. ಹೆಸರು ಹಾಕಿದರೆ ಕಂಪ್ಯೂಟರು ತಗೊಳ್ಳಲಿಲ್ಲ: ಈಗಾಗಲೇ ತರಬೇತಿ ಪೂರ್ಣ. ಮೇಲಿನವರಿಗೆ ಫೋನು ಮಾಡಿ ಬೇಡಿಕೊಂಡೆ. "ಬರೆದೋರು ನೀವೇ ತಾನೇ? ಪಟ್ಟೀಲಿ ಇಲ್ಲದೋರು ಒಳಗೆ ಸಿಕ್ಕಿದ್ರೆ ಈ ಸಲವೂ ನಿಲ್ಲಿಸಿಬಿಡ್ತಾರೆ" ಅಂದರು.

ಅವಳಿಗೆ ಹೇಳಿದೆ. ನಾನೇ ಬರೆದದ್ದು ಅಂತಲೂ ಹೇಳಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು, "ಹೋಗ್ಲಿ ಬುಡಿ ಮೇಡಮ್ಮೋರೆ. ಜ್ವರದಿಂದ ಮೊದ್ಲು ಎದ್ದ ಹುಳಕ್ಕೆ ಆಗ್ಲೇ ಸೊಪ್ಪು ಹಾಕ್ಬೋದಾ, ಅದೊಂದ್ ಹೇಳ್ಬುಡಿ. ಅವು ಹಸ್ಕೊಂಡಿರ್ತವಲ್ಲ" ಅಂದಳು.

"ಹಾಕಬಾರದಮ್ಮ. ಎಲ್ಲಾ ಏಳೋವರೆಗೂ ಕಾಯಬೇಕು. ಇಲ್ಲಾಂದ್ರೆ ಹುಳ ಒಂದು ದೊಡ್ಡದು ಒಂದು ಚಿಕ್ಕದಾಗಿ ಬೆಳೆ ಏರುಪೇರಾಗುತ್ತೆ."

"ಕಾಯೋದಾ, ಅದು ಬತ್ತದೆ ಬುಡಿ" ಅಂದಳು.

ಒಳಗೆ ಹೊಸಬರು ಟ್ರೇ ಮುಂದಿಟ್ಟುಕೊಂಡು ನನ್ನ ದಾರಿ ನೋಡುತ್ತಿದ್ದರು. ಅವಳು ಬಾಗಿಲಾಚೆಯಿಂದಲೇ ಒಂದು ಸಲ ಇಣುಕಿ ನೋಡಿ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು.