ಜ್ವರವಿಲ್ಲದವನ ಬ್ರೆಡ್

ದಾವಣಗೆರೆಯ ನಮ್ಮ ಮನೆಗೆ ಬ್ರೆಡ್ ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಜ್ವರ ಬಿಟ್ಟವರಿಗೆ ಬಿಸಿ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯ ಅದು. ಚೆನ್ನಾಗಿರುವವರು ಕೇಳುವಂತಿರಲಿಲ್ಲ, ಕೇಳಿದರೆ ಅಜ್ಜಿ ಹಣೆ ಮುಟ್ಟಿ ನೋಡುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ, ಬ್ಯಾಂಕಿನ ಕೆಲಸದಲ್ಲಿ ಊರೂರು ಅಲೆದು, ಐವತ್ತು ದಾಟಿದ ಮೇಲೆ ನಾನು ಬ್ರೆಡ್ ಮಾಡುವುದನ್ನು ಕಲಿತೆ. ಕಲಿಯಬೇಕೆಂಬ ಆಸೆಯೇನೂ ಇರಲಿಲ್ಲ.

ಯಂತ್ರ ನಾನು ಕೊಂಡದ್ದಲ್ಲ. ಆಗ ವಿಶಾಖಪಟ್ಟಣದಲ್ಲಿದ್ದೆವು. ನಮ್ಮ ಮೇಲಿನ ಮಹಡಿಯಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರ ಸಂಸಾರವಿತ್ತು, ಹಾಸನದ ಕಡೆಯವರು. ಅವರಿಗೆ ವರ್ಗವಾಯಿತು. ನೌಕಾಪಡೆಯವರು ಊರು ಬಿಡುವಾಗ ಅವರ ಮನೆ ಖಾಲಿಯಾಗುತ್ತದೆ, ಅಕ್ಕಪಕ್ಕದ ಮನೆಗಳು ತುಂಬುತ್ತವೆ. ಹೂಕುಂಡಗಳು ಒಬ್ಬರಿಗೆ, ಪರದೆಗಳು ಇನ್ನೊಬ್ಬರಿಗೆ ಹೋದವು. ನಮ್ಮ ಪಾಲಿಗೆ, ಮುಚ್ಚಳವಿರುವ ಬಕೆಟ್ಟಿನಂಥದೊಂದನ್ನು ತಬ್ಬಿಕೊಂಡು ಆ ಮನೆಯಾಕೆ ತಾವೇ ಕೆಳಗಿಳಿದು ಬಂದರು.

"ಬ್ರೆಡ್ ಮೆಷೀನು ಸಾರ್, ನೀವಿಟ್ಕೊಳಿ. ಕಲಸೋದು, ನಾದೋದು, ಬೇಯ್ಸೋದು, ಎಲ್ಲಾ ಅದೇ ಮಾಡ್ಕೊಳತ್ತೆ. ನೀವು ಬಟನ್ ಒತ್ತಿದ್ರೆ ಮುಗೀತು."

"ಅಷ್ಟು ಒಳ್ಳೇದಾದ್ರೆ ನೀವ್ಯಾಕ್ರೀ ಬಿಟ್ ಹೋಗ್ತೀರಿ?" ಎಂದಳು ನನ್ನ ಹೆಂಡತಿ.

ಆಕೆ ತುಂಬಾ ಚೆನ್ನಾಗಿ ನಕ್ಕರು. ಯಂತ್ರವನ್ನು ನನ್ನ ಕೈಗಿಟ್ಟು ಮೆಟ್ಟಿಲು ಹತ್ತಿದರು.

ಮುಂದಿನ ಭಾನುವಾರವೇ ಕುಳಿತೆ. ಗೋಧಿ ಹಿಟ್ಟು, ನೀರು, ಉಪ್ಪು, ಸಕ್ಕರೆ, ಎಣ್ಣೆ, ಜೊತೆಗೆ ಅವರೇ ಬಿಟ್ಟುಹೋಗಿದ್ದ ಯೀಸ್ಟಿನ ಪೊಟ್ಟಣ, ಎಲ್ಲವನ್ನೂ ಒಟ್ಟಿಗೆ ಸುರಿದು ಬಟನ್ ಒತ್ತಿದೆ. ಒಳಗಿನ ಪುಟ್ಟ ರೆಕ್ಕೆ ತಿರುಗತೊಡಗಿತು. ಹಿಟ್ಟು ಗಟ್ಟಿಯಾದಂತೆ ಯಂತ್ರ ದಡದಡ ಅಲುಗುತ್ತ ಅಡುಗೆ ಕಟ್ಟೆಯ ಅಂಚಿನ ಕಡೆಗೆ ಸರಿಯಿತು. ಹೆಂಡತಿ ಓಡಿ ಬಂದು ಎರಡೂ ಕೈಯಿಂದ ಹಿಡಿದುಕೊಂಡಳು.

"ಎಲ್ಲಾ ಅದೇ ಮಾಡ್ಕೊಳತ್ತೆ ಅಂದ್ರಲ್ಲ, ಹಿಡ್ಕೊಂಡ್ ನಿಂತ್ಕೊಳ್ಳೋದು ಮಾತ್ರ ನಮ್ ಕೆಲ್ಸಾನಾ?"

ಕೊನೆಗೆ ಹೊರಬಂದದ್ದು ರುಬ್ಬುವ ಗುಂಡಿನಂಥ ವಸ್ತು. ಹೊಟ್ಟೆಯೊಳಗೆ ಆ ರೆಕ್ಕೆಯನ್ನೂ ನುಂಗಿಕೊಂಡಿತ್ತು. ಮಗಳು ಅದನ್ನು ಕೈಯಲ್ಲಿ ತೂಗಿ ನೋಡಿದಳು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿ, ನಗು ಬಂದರೆ ಮಾತ್ರ ತೆಲುಗಿಗೆ ಜಾರುತ್ತಾಳೆ.

"ನಾನ್ನಾ, ಇದಿ ಬ್ರೆಡ್ಡಾ, ಇಟುಕಾ?" ನಾನ್ನಾ ಎಂದರೆ ಅಪ್ಪ, ಇಟುಕ ಎಂದರೆ ಇಟ್ಟಿಗೆ.

ಸಾಲ ಕೇಳಲು ಬಂದವರನ್ನು ದಿನವಿಡೀ ಪ್ರಶ್ನೆ ಕೇಳುವ ನಾನು ಯಂತ್ರವನ್ನು ಒಂದೂ ಪ್ರಶ್ನೆ ಕೇಳದೆ ನಂಬಿದ್ದೆ. ಆಮೇಲೆ ವಿಚಾರಣೆಗೆ ತೊಡಗಿದೆ. ಯೀಸ್ಟನ್ನು ಸಕ್ಕರೆ ಹಾಕಿದ ಬೆಚ್ಚನೆಯ ನೀರಿಗೆ ಬಿಟ್ಟು ನೋಡಿದರೆ ನೊರೆಯೇ ಬರಲಿಲ್ಲ. ಅದು ಯಾವ ಕಾಲದಲ್ಲೋ ಸತ್ತಿತ್ತು. ಹೊಸದನ್ನು ತಂದೆ. ಮೊದಲು ನೀರು, ಎಣ್ಣೆ. ಅದರ ಮೇಲೆ ಹಿಟ್ಟು. ಉಪ್ಪು ಒಂದು ಮೂಲೆಗೆ. ಹಿಟ್ಟಿನ ನಡುವೆ ಗುಳಿ ಮಾಡಿ ಯೀಸ್ಟು. ಉಪ್ಪು, ಯೀಸ್ಟು ಇವರಿಬ್ಬರೂ ಆರಂಭದಲ್ಲೇ ಎದುರಾಗಬಾರದು, ಬೀಗರ ಹಾಗೆ. ಬರೀ ಗೋಧಿ ಹಿಟ್ಟು ಏಳುವುದಿಲ್ಲ, ಅರ್ಧ ಮೈದಾ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾದುವಾಗ ಮುಚ್ಚಳ ತೆಗೆದು ನೋಡಬೇಕು: ಉಂಡೆ ನುಣ್ಣಗೆ, ಚಪಾತಿ ಹಿಟ್ಟಿಗಿಂತ ತುಸು ಸಡಿಲವಾಗಿ ತಿರುಗುತ್ತಿರಬೇಕು. ಅಂಟಿದರೆ ಚಿಟಿಕೆ ಹಿಟ್ಟು, ಬಿರಿದರೆ ಚಮಚ ನೀರು. ಅಂದರೆ, ಬಟನ್ ಒತ್ತಿ ಸುಮ್ಮನೆ ಕೂರಬಹುದಾದ ಯಂತ್ರದ ಮುಂದೆ ನಾನು ಕುರ್ಚಿ ಹಾಕಿಕೊಂಡು ಕಾವಲು ಕೂತೆ.

ಕೊನೆಗೊಂದು ದಿನ ಬ್ರೆಡ್ ಬ್ರೆಡ್ಡಿನ ಹಾಗೇ ಎದ್ದಿತು. ಆ ವಾರವೇ ನನಗೆ ವಿಜಯವಾಡಕ್ಕೆ ವರ್ಗವಾಯಿತು.

ಮಗಳ ಓದಿನ ಕಾರಣಕ್ಕೆ ಅವರಿಬ್ಬರೂ ವಿಶಾಖಪಟ್ಟಣದಲ್ಲೇ ಉಳಿದರು. ಹೆಂಡತಿ ನನ್ನ ಬಟ್ಟೆಗಿಂತ ಮೊದಲು ಯಂತ್ರವನ್ನು ಪ್ಯಾಕ್ ಮಾಡಿದಳು. "ಒಬ್ರೇ ಇರ್ತೀರಿ, ಜೊತೆಗಾಗುತ್ತೆ" ಎಂದಳು. ಖಾಲಿಯಾದ ಕಟ್ಟೆಯ ಮೇಲೆ ಅವಳು ಆಗಲೇ ಮಿಕ್ಸಿಯನ್ನು ತಂದಿಟ್ಟಿದ್ದು ನನ್ನ ಕಣ್ಣಿಗೆ ಬಿತ್ತು.

ವಿಜಯವಾಡದಲ್ಲಿ ನನ್ನ ಬಾಡಿಗೆ ಮನೆ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಮನೆ ಮಾಲೀಕ ದಂಪತಿ. ಅಲ್ಲಿಯ ಬಿಸಿಲಿಗೆ ನನ್ನ ವಿದ್ಯೆಯೆಲ್ಲ ಕೆಟ್ಟಿತು. ಹಿಟ್ಟು ಹುಚ್ಚೆದ್ದು ಉಬ್ಬಿ ಮುಚ್ಚಳಕ್ಕೆ ಮೆತ್ತಿಕೊಂಡು, ಆಮೇಲೆ ನಡುವೆ ಕುಸಿದು ಕುಳಿಯಾಯಿತು. ಯೀಸ್ಟು ತಗ್ಗಿಸಿ, ಫ್ರಿಜ್ಜಿನ ತಣ್ಣೀರು ಹಾಕಿ ಅದನ್ನು ಹದಕ್ಕೆ ತಂದೆ. ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮೊದಲು ಬ್ರೆಡ್ ಬೇಯುವ ವಾಸನೆ ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಮಾಲೀಕರ ಹೆಂಡತಿ ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಜ್ವರಮಾ ಅಂಡಿ?"

ಈ ವಿಷಯದಲ್ಲಿ ಆಂಧ್ರಕ್ಕೂ ದಾವಣಗೆರೆಗೂ ಭೇದವಿಲ್ಲವೆಂದು ಆಗ ತಿಳಿಯಿತು. ಜ್ವರವಿಲ್ಲ, ಯಂತ್ರವಿದೆ ಎಂದು ನನಗೆ ಬಂದ ತೆಲುಗಿನಲ್ಲಿ ವಿವರಿಸಿದೆ. ಯಂತ್ರವನ್ನೂ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿ, ಕಾಯಿಲೆ ಒಪ್ಪಿಕೊಳ್ಳದ ಗಂಡಸರನ್ನು ಬಹಳ ಕಂಡವರಂತೆ ತಲೆಯಾಡಿಸಿ, ಗಂಜಿಯನ್ನು ಮೇಜಿನ ಮೇಲಿಟ್ಟು ಹೋದರು. ಗಂಜಿ ಚೆನ್ನಾಗಿತ್ತು.

ಬ್ಯಾಂಕಿನಲ್ಲೂ ಅದೇ ಕತೆ. ಮಧ್ಯಾಹ್ನ ಎಲ್ಲರೂ ಅನ್ನಕ್ಕೆ ಗೋಂಗೂರ ಸೊಪ್ಪಿನ ಚಟ್ನಿ ಕಲಸಿಕೊಳ್ಳುತ್ತಿದ್ದರೆ ಮ್ಯಾನೇಜರಾದ ನಾನು ಬ್ರೆಡ್ ತುಂಡಿಗೆ ಚಟ್ನಿಪುಡಿ ಸವರಿಕೊಳ್ಳುತ್ತಿದ್ದೆ. ನೋಡಿದವರು ನನಗೇನೋ ಕಾಯಿಲೆ ಎಂದು ಮೆಲ್ಲಗೆ ಮಾತಾಡಿಕೊಂಡರು. ಆ ಮಾತು ಪ್ರಾದೇಶಿಕ ಕಚೇರಿಯವರೆಗೂ ನಡೆದುಹೋಗಿ, ಅಲ್ಲಿಯ ದೊಡ್ಡ ಸಾಹೇಬರೇ ಫೋನು ಮಾಡಿದರು. ತೆಲುಗಿನವರು, ಮೆದು ಮಾತಿನ ಮನುಷ್ಯ. ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು.

"ಆರೋಗ್ಯ ಹೇಗಿದೆ?"

"ಚೆನ್ನಾಗಿದೆ ಸರ್."

"ಮುಚ್ಚಿಡಬೇಡಿ. ಅನ್ನ ಬಿಟ್ಟು ಬರೀ ಬ್ರೆಡ್ ಮೇಲೆ ಇದ್ದೀರಂತೆ. ವಿಶಾಖಪಟ್ಟಣಕ್ಕೆ ವಾಪಸ್ ವರ್ಗ ಕೇಳಿದ್ದೀರಲ್ಲ, ಮೆಡಿಕಲ್ ಕಾರಣ ಅಂತಾದರೆ ನಾನು ಇವತ್ತೇ ಅರ್ಜಿ ಮೇಲಕ್ಕೆ ಕಳಿಸುತ್ತೇನೆ."

ಒಂದು ಕ್ಷಣ ವಿಶಾಖಪಟ್ಟಣದ ಬಂದರಿನ ಕಡೆಯ ಗಾಳಿ ಮುಖಕ್ಕೆ ಬಡಿದಂತಾಯಿತು. ತಲೆ ಬಗ್ಗಿಸಿದರೆ ನನ್ನ ಹೊಟ್ಟೆ ಕಂಡಿತು. ಮನೆಯ ಬ್ರೆಡ್ ತಿಂದು ಅದು ಎಷ್ಟು ಆರೋಗ್ಯವಾಗಿ ಬೆಳೆದಿತ್ತೆಂದರೆ ಯಾವ ಡಾಕ್ಟರೂ ನಂಬುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮನೆಯಲ್ಲೊಂದು ಯಂತ್ರವಿದೆ, ಬ್ರೆಡ್ ನಾನೇ ಮಾಡಿಕೊಳ್ಳುತ್ತೇನೆ.

ಸಾಹೇಬರು ಕೇಳಿದರು: "ಅಷ್ಟು ಪುರುಸೊತ್ತು ಸಿಗುತ್ತದೆಯೇ ನಿಮಗೆ?"

ಸ್ವಲ್ಪ ದಿನದಲ್ಲೇ ಆದೇಶ ಬಂತು. ವಿಜಯವಾಡದ ಹೊರಗಿನ ಇಬ್ರಾಹಿಂಪಟ್ನಂ ಶಾಖೆಯ ಮ್ಯಾನೇಜರು ದೀರ್ಘ ರಜೆಯ ಮೇಲಿದ್ದರು. ಅದರ ಹೆಚ್ಚುವರಿ ಹೊಣೆಯೂ ನನ್ನದು.

ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಲ್ರೀ, ಒಂದ್ಸಲ ಕೆಮ್ಮೋಕೂ ಆಗ್ಲಿಲ್ವಾ ನಿಮಗೆ?"

ಅಲ್ಲಿಂದಾಚೆ ನನ್ನ ಬೆಳಗುಗಳು ಅಲ್ಲಿಯ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡುತ್ತ ಬಸ್ಸಿನಲ್ಲಿ ಕಳೆದವು. ಒಂದು ದಿನ ಸಾಹೇಬರು ಆ ಶಾಖೆಯ ತಪಾಸಣೆಗೆ ಬಂದರು. ಊಟದ ಹೊತ್ತಿಗೆ ನನ್ನ ಡಬ್ಬಿಯತ್ತ ನೋಡಿದರು. ಒಂದು ತುಂಡು ಕೊಟ್ಟೆ. ತಿಂದರು. ಇನ್ನೊಂದನ್ನು ತಾವೇ ತೆಗೆದುಕೊಂಡರು. ತಪಾಸಣೆ ಬೇಗ ಮುಗಿಯಿತು. ಸ್ವಲ್ಪ ಕಾಲದಲ್ಲೇ ಅವರೂ ಒಂದು ಯಂತ್ರ ಕೊಂಡರು.

ಆಮೇಲೆ ಭಾನುವಾರ ಬಂತೆಂದರೆ ಅವರ ಫೋನು. "ಹಿಟ್ಟು ಪಾತ್ರೆಗೆ ಅಂಟಿಕೊಳ್ಳುತ್ತಿದೆ, ಏನು ಮಾಡಲಿ?" "ಒಂದು ಚಮಚ ಮೈದಾ ಸೇರಿಸಿ ಸರ್." "ಸೇರಿಸಿದೆ. ಈಗ?" "ಮುಚ್ಚಳ ಮುಚ್ಚಿ ಸುಮ್ಮನಿರಿ ಸರ್." ನನ್ನ ಇಡೀ ಸರ್ವಿಸಿನಲ್ಲಿ ಮೇಲಧಿಕಾರಿಗೆ ನಾನು ಆಜ್ಞೆ ಮಾಡಿದ್ದು, ಅವರು ಮರುಮಾತಿಲ್ಲದೆ ಪಾಲಿಸಿದ್ದು ಆ ಭಾನುವಾರಗಳಲ್ಲೇ. ಇಷ್ಟು ಸಲಿಗೆ ಬೆಳೆದಿದೆಯಲ್ಲ ಎಂದು ಒಮ್ಮೆ ಧೈರ್ಯ ಮಾಡಿದೆ: "ಸರ್, ನನ್ನ ವರ್ಗಾವಣೆಯ ವಿಷಯ..."

"ಒಂದು ನಿಮಿಷ, ಮೆಷೀನಿನ ಬೀಪ್ ಬಂತು" ಎಂದು ಫೋನಿಟ್ಟರು.

ಮುಂದೆ ವಿಶಾಖಪಟ್ಟಣಕ್ಕೆ ವರ್ಗವೇನೋ ಬಂತು, ಆದರೆ ಅವರಿಗೆ. ಬೀಳ್ಕೊಡುಗೆಯ ಸಭೆಯಲ್ಲಿ ನನ್ನ ಕೈ ಹಿಡಿದು, ಅಲ್ಲಿ ನಿಮ್ಮ ಮನೆಯವರಿಗೆ ಏನು ಬೇಕಾದರೂ ನನ್ನನ್ನು ಕೇಳಲಿ ಎಂದರು. ಹೋಗಿ ನೆಲೆಯಾದ ಮೇಲೆ ಮಾತು ಉಳಿಸಿಕೊಂಡು ನಮ್ಮ ಮನೆಗೂ ಹೋದರು, ಬರಿಗೈಯಲ್ಲಲ್ಲ. ಆ ಸಂಜೆ ಮಗಳು ಫೋನು ಮಾಡಿದಳು.

"ಅಪ್ಪಾ, ನಿಮ್ ಸಾರ್ ಬಂದಿದ್ರು. ಅವರೇ ಮಾಡಿದ ಬ್ರೆಡ್ ತಂದಿದ್ರು. ನಿಜ ಹೇಳ್ಲಾ? ನಿನ್ನದಕ್ಕಿಂತ ಮೆತ್ತಗಿತ್ತು."

"ಹೇಗೆ ಮಾಡಿದ್ರಂತೆ?"

"ಹಾಲಿನ ಪುಡಿ ಹಾಕ್ತಾರಂತೆ. ನಿಂಗೂ ಹೇಳು ಅಂದ್ರು."

ಮರುದಿನ ಬ್ಯಾಂಕಿನಿಂದ ಬರುತ್ತ ಹಾಲಿನ ಪುಡಿ ತಂದೆ. ಹಾಕಿ ನೋಡಿದೆ. ನಿಜವಾಗಿಯೂ ಮೆತ್ತಗಾಗುತ್ತದೆ.