ಓರಗಿತ್ತಿಯ ಕರೆಂಟ್ ಗಾಡಿ

ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ ನೋಡಿ. ಹಳೇಬೀಡಿನ ಪಕ್ಕದ ಹಳ್ಳಿಯ ಮಹದೇವಮ್ಮನಿಗೆ ಅದು ಹತ್ತಿಕೊಂಡದ್ದು ನಲವತ್ತು ದಾಟಿದ ಮೇಲೆ, ಎರಡು ಸಾವಿರದ ಎಂಟನೇ ಇಸವಿಯಲ್ಲಿ, ಓರಗಿತ್ತಿ ಭವ್ಯಾ ಕರೆಂಟ್ ಗಾಡಿ ತಂದ ದಿನ. ಮೈದುನ ಶಶಿಯ ಹೆಂಡತಿ ಈ ಭವ್ಯಾ, ಬೇಲೂರಿನ ಶಾಲೆಯೊಂದರಲ್ಲಿ ಟೀಚರ್. ಬ್ಯಾಟರಿ ಸ್ಕೂಟರು, ಪೆಟ್ರೋಲ್ ಬೇಡ. ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಿಗ್ಗೆ ಚಾರ್ಜರಿನ ಕೆಂಪು ದೀಪ ಹಸಿರಾಗಿರುತ್ತದೆ, ಬೇಲೂರಿಗೆ ಆರಾಮಾಗಿ ಹೋಗಿಬರಬಹುದು.

ಹಿರಿಸೊಸೆ ಮಹದೇವಮ್ಮ ಮಾತ್ರ ಬಸ್ಸಿಗೆ ಕಾಯಬೇಕು. ಮದುವೆಯಾದಂದಿನಿಂದ ಅವಳು ಗಂಡ ಧರ್ಮಪ್ಪನನ್ನು ಕೇಳಿದ್ದು ಒಂದೇ, ಬೇಲೂರಿನಲ್ಲಿ ನಲ್ಲಿ ಇರುವ ಒಂದು ಪುಟ್ಟ ಮನೆ. ಅವನು ತೋಟ, ದನ ಅಂತ ತಳ್ಳಿಹಾಕುತ್ತಲೇ ಬಂದ. ಅವಳ ಕೈಗೆ ಸಗಣಿ, ನಿನ್ನೆ ಮೊನ್ನೆ ಬಂದವಳ ಕೈಗೆ ಗಾಡಿ! ಸಂತೆ ಚೀಲ ಹಿಡಿದು ರಸ್ತೆಯಲ್ಲಿ ನಿಂತಾಗ ಭವ್ಯಾ ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳಲು ಬಂದರೆ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು. ನಿಲ್ಲಿಸದಿದ್ದರೂ ಉರಿಯುತ್ತಿತ್ತು ಅನ್ನಿ.

ಒಂದು ದಿನ ಎಲ್ಲರೂ ಮಲಗಿದ ಮೇಲೆ ಮಹದೇವಮ್ಮ ಗಾಡಿಯ ಚಾರ್ಜರಿನ ಸ್ವಿಚ್ ಆರಿಸಿದಳು. ನಸುಕಿನಲ್ಲಿ ಹಾಲು ಕರೆಯಲು ಎದ್ದಾಗ ಮತ್ತೆ ಹಾಕಿದಳು. ದೀಪ ಕೆಂಪಾಗಿಯೇ ಇತ್ತು. ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ ಅಂದಳು. ಲೋಡ್‌ಶೆಡ್ಡಿಂಗ್ ಕಾಲ, ಯಾರೂ ಅನುಮಾನಪಡಲಿಲ್ಲ. ಆಮೇಲೆ ಅದೇ ಚಾಳಿಯಾಯಿತು.

ವರ್ಷ ಕಳೆಯುವಷ್ಟರಲ್ಲಿ ಗಾಡಿ ಸೊರಗಿತು. ಮೊದಲು ಏರಿನಲ್ಲಿ ತಿಣುಕಾಡಿತು, ಆಮೇಲೆ ಅರ್ಧ ದಾರಿಯಲ್ಲೇ ನಿಂತಿತು. ಬೆವರಿಳಿಸಿಕೊಂಡು ಗಾಡಿ ತಳ್ಳಿಕೊಂಡು ಬಂದ ಭವ್ಯಾಳಿಗೆ ನೀರು ಕೊಡುವಾಗ ಮಹದೇವಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಶಶಿ ಟೈರಿನ ಗಾಳಿ ನೋಡಿದ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿದ. ಕೊನೆಗೆ ಬೇಲೂರಿನಿಂದ ಬ್ಯಾಟರಿ ರಿಪೇರಿಯ ಸಣ್ಣಯ್ಯನನ್ನು ಕರೆತಂದ.

ಸಣ್ಣಯ್ಯ ಸೀಟು ಎತ್ತಿ, ಒಳಗಿದ್ದ ನಾಲ್ಕು ಬ್ಯಾಟರಿಗೂ ಒಂದೊಂದಾಗಿ ಬಲ್ಬು ಹಚ್ಚಿ ಮೀಟರ್ ಇಟ್ಟ. ಬಲ್ಬು ಹತ್ತುತ್ತಲೇ ನಾಲ್ಕರಲ್ಲೂ ಮೀಟರಿನ ಮುಳ್ಳು ಒಂದೇ ಸಮ ಕುಸಿಯಿತು.

“ಒಂದೇ ಕೆಟ್ಟಿದ್ರೆ ಅದರ ತಪ್ಪು ಅನ್ನಬಹುದಿತ್ತು. ನಾಲ್ಕೂ ಒಟ್ಟಿಗೆ ಹಿಂಗಾಗವೆ ಅಂದ್ರೆ ಯಾವತ್ತೂ ಪೂರ್ತಿ ಚಾರ್ಜ್ ಆಗಿಲ್ಲ. ಅರೆಹೊಟ್ಟೇಲಿ ದುಡಿಸಿದ್ದೀರಿ ಕಣ್ರೀ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಫಿ ಲೋಟ ಹಿಡಿದಿದ್ದ ಮಹದೇವಮ್ಮನ ಕಣ್ಣು ಸ್ವಿಚ್ಚಿನ ಕಡೆ ಹೋಯಿತು. ಯಾರೂ ಗಮನಿಸಲಿಲ್ಲ. ಭವ್ಯಾ ಹಾಳು ಕರೆಂಟಿಗೆ ಶಾಪ ಹಾಕಿದಳು. ಹೊಸ ಬ್ಯಾಟರಿ ಹಾಕಿಸಿದರೂ ಈ ಊರಿನಲ್ಲಿ ಇದೇ ಪಾಡು, ಬೇಲೂರಿನಲ್ಲೇ ಬಾಡಿಗೆ ಮನೆ ಮಾಡಿದರೆ ಹೇಗೆ ಎಂದು ಗಂಡನನ್ನು ಕೇಳಿದಳು. ಅಣ್ಣನನ್ನು ಬಿಟ್ಟು ಹೇಗೆ ಹೋಗುವುದು ಎಂದು ಶಶಿ ತಲೆ ಕೆರೆದುಕೊಂಡ. ಧರ್ಮಪ್ಪನೋ, ಇಷ್ಟು ವರ್ಷ ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳದ ಮಹಾರಾಯ, “ಹೋಗ್ರಪ್ಪ, ಅಲ್ಲಿ ನಲ್ಲಿ ನೀರಾದ್ರೂ ಐತೆ” ಅಂದುಬಿಟ್ಟ.

ತನ್ನ ಮನೆ! ತನ್ನ ನಲ್ಲಿ! ಮಹದೇವಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

“ಕರೆಂಟ್ ಎಲ್ಲೂ ಹೋಗಿರ್ಲಿಲ್ಲ ಕಣೇ. ನಾನೇ ಸ್ವಿಚ್ ಆರಿಸ್ತಿದ್ದೆ. ಇನ್ಮೇಲೆ ಆರಿಸಲ್ಲ. ಬೇಲೂರಲ್ಲಿ ಮನೆ ಗಿನೆ ಏನೂ ಬ್ಯಾಡ.”

ಸಣ್ಣಯ್ಯ ತಲೆ ತಗ್ಗಿಸಿ ಸ್ಕ್ರೂ ಬಿಗಿಯತೊಡಗಿದ. ಭವ್ಯಾ ಅವಳನ್ನೇ ಒಂದು ಗಳಿಗೆ ನೋಡಿ ಗಂಡನ ಕಡೆ ತಿರುಗಿದಳು.

“ನಾಳೆನೇ ಹೋಗಿ ಮನೆ ನೋಡ್ಕೊಂಡು ಬರೋಣ ರೀ.”

ಶಶಿ ಈ ಸಲ ತಲೆ ಕೆರೆದುಕೊಳ್ಳಲಿಲ್ಲ.